ಇಂಗ್ಲಿಷ್ ಪದಸಂಪತ್ತು: ಅಂಗಡಿಯ ಮಾತಿನಿಂದ ಅಕೌಂಟೆನ್ಸಿಯವರೆಗೆ

(ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ)



ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಕಡೆಯಿಂದ ಪಿ.ಯು. ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೋ ಉರ್ದು ಮಾಧ್ಯಮದಲ್ಲೋ ಓದಿದವರು. ಮನೆಯಲ್ಲಿ ಒಂದು ಮಾತು, ಓಣಿಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಮೂರನೆಯ ಮಾತು. ಪ್ರಥಮ ಪಿ.ಯು.ಸಿ.ಯ ಮೊದಲ ಎರಡು ತಿಂಗಳಲ್ಲಿ ತರಗತಿಯ ಹಿಂದಿನ ಬೆಂಚುಗಳು ತುಂಬುವುದಕ್ಕೆ ಇದೇ ಕಾರಣ. ಲೆಕ್ಕ ಬರುತ್ತದೆ, ಆದರೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ಕೆಲವರು "ಕಾಮರ್ಸ್ ನಮಗಲ್ಲ" ಎಂದು ವಿಭಾಗವನ್ನೇ ಬದಲಿಸುತ್ತಾರೆ. ಅವರಿಗೆ ತೊಡಕಾದದ್ದು ಕಾಮರ್ಸ್ ಅಲ್ಲ, ಕೆಲವು ನೂರು ಇಂಗ್ಲಿಷ್ ಪದಗಳು.

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೂ ಈ ಮಾತು ಸಂಬಂಧಿಸಿದ್ದೇ. ಮುಂದೆ ಬಿ.ಕಾಂ. ಪುಸ್ತಕಗಳು, ಕಂಪನಿಯ ಕೆಲಸ, ಬ್ಯಾಂಕಿನ ಕಾಗದಪತ್ರ ಎಲ್ಲವೂ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಸಿ.ಎ. ಪರೀಕ್ಷೆ ಬರೆಯಬೇಕೆಂದರೆ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಆದ್ದರಿಂದ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವ ಕೆಲವು ದಾರಿಗಳನ್ನು ಇಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಅವುಗಳ ಸ್ಪೆಲ್ಲಿಂಗ್ ಅನ್ನು ನೀವೇ ನಿಘಂಟಿನಲ್ಲಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದೇ ಮೊದಲ ಅಭ್ಯಾಸ.

1. ಯಾವ ಪದಗಳನ್ನು ಕಲಿಯಬೇಕು?

"ಅಡ್ವಾನ್ಸ್‌ಡ್ ವೊಕ್ಯಾಬುಲರಿ" ಎಂದ ಕೂಡಲೇ ಯಾರೂ ಕೇಳಿರದ, ನಾಲಿಗೆ ಹೊರಳದ ಪದಗಳು ನೆನಪಿಗೆ ಬರುತ್ತವೆ. ಅಂಥವುಗಳನ್ನು ಬಾಯಿಪಾಠ ಮಾಡಿದರೆ ಹೆಚ್ಚು ಲಾಭವಿಲ್ಲ. ಯಾವ ಪದ ಹೆಚ್ಚು ಸಲ ಕಣ್ಣಿಗೆ ಬೀಳುತ್ತದೋ ಅದನ್ನು ಮೊದಲು ಕಲಿಯಬೇಕು.

ಈ ವಿಷಯವನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಮೈಕೇಲ್ ವೆಸ್ಟ್ ಎಂಬುವರು ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. ನಮ್ಮಂತೆಯೇ ಮನೆಯಲ್ಲಿ ಬೇರೆ ಭಾಷೆ ಆಡುವ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದಿಸುವುದು ಹೇಗೆ ಎಂಬುದೇ ಅವರ ಚಿಂತೆಯಾಗಿತ್ತು. 1953ರಲ್ಲಿ ಅವರು ಅತಿ ಹೆಚ್ಚು ಬಳಕೆಯಾಗುವ ಸುಮಾರು 2000 ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಆಮೇಲೆ 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ ಪಠ್ಯಬರಹಗಳಿಂದ ಸುಮಾರು 35 ಲಕ್ಷ ಪದಗಳನ್ನು ತೆಗೆದುಕೊಂಡು ಎಣಿಸಿದರು. ವೆಸ್ಟ್ ಅವರ ಪಟ್ಟಿಯ ಪದಗಳು ಆ ಬರಹದಲ್ಲಿ ನೂರಕ್ಕೆ ಸುಮಾರು 76ರಷ್ಟು ಇದ್ದವು. ಅದರಾಚೆ ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಅವರು ಬೇರೆ ಪಟ್ಟಿ ಮಾಡಿದರು. ಅವು ಇನ್ನೂ ಸುಮಾರು 10ರಷ್ಟನ್ನು ತುಂಬಿದವು. ನಮಗೆ ಬೇಕಾದ ಮಾತು ಇದು: ಈ 570 ಪದಕುಟುಂಬಗಳ ಪ್ರಮಾಣ ವಾಣಿಜ್ಯ ಬರಹದಲ್ಲಿ ಉಳಿದ ಮೂರೂ ವಿಭಾಗಗಳಿಗಿಂತ ಹೆಚ್ಚು, ನೂರಕ್ಕೆ 12.

ಅನಲೈಸ್, ಅಸೆಸ್, ಅಲೊಕೇಟ್, ಎಸ್ಟಿಮೇಟ್, ಡಿಸ್ಟ್ರಿಬ್ಯೂಟ್, ಇನ್ವೆಸ್ಟ್, ಕನ್ಸ್ಯೂಮ್, ಡಿರೈವ್, ಇಂಡಿಕೇಟ್, ಸಿಗ್ನಿಫಿಕೆಂಟ್ ಇವೆಲ್ಲ ಆ ಪಟ್ಟಿಯ ಪದಗಳು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಯಾವ ಅಧ್ಯಾಯ ತೆರೆದರೂ ಇವುಗಳಲ್ಲಿ ಕೆಲವು ಸಿಗುತ್ತವೆ. ದಿನಕ್ಕೆ ಮೂರು ಕುಟುಂಬ ಕಲಿತರೆ 570 ಮುಗಿಯಲು 190 ದಿನ ಸಾಕು. ಒಂದು ಶೈಕ್ಷಣಿಕ ವರ್ಷಕ್ಕಿಂತ ಕಡಿಮೆ.

2. ಒಂದು ಬೇರು, ಹಲವು ಪದ

ಪದಕುಟುಂಬ ಎಂದರೇನು? ಒಂದೇ ಬೇರಿನಿಂದ ಬಂದ ಪದಗಳ ಗುಂಪು. ಬೇರು ಗೊತ್ತಾದರೆ ಒಂದರ ಬದಲು ಐದಾರು ಪದ ಕೈಗೆ ಬರುತ್ತವೆ. ಅಕೌಂಟೆನ್ಸಿಯ ಪದಗಳಲ್ಲಿ ಹೆಚ್ಚಿನವು ಲ್ಯಾಟಿನ್ ಮೂಲದವು.

ಕ್ರೆಡಿಟ್: ಲ್ಯಾಟಿನ್ನಿನಲ್ಲಿ ಇದರ ಮೂಲ ಧಾತುವಿಗೆ "ನಂಬು" ಎಂದು ಅರ್ಥ. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಡುವುದೂ ನಂಬಿಕೆಯ ಮೇಲೆಯೇ ಅಲ್ಲವೇ? ಇದರಿಂದ ಕ್ರೆಡಿಟರ್ (ನಂಬಿ ಸಾಲ ಕೊಟ್ಟವನು), ಕ್ರೆಡಿಬಲ್ (ನಂಬಬಹುದಾದ), ಇನ್‌ಕ್ರೆಡಿಬಲ್ (ನಂಬಲಾಗದ), ಕ್ರೆಡೆನ್ಷಿಯಲ್ (ನಂಬಿಕೆಗೆ ತೋರಿಸುವ ದಾಖಲೆ).

ಡೆಬಿಟ್: "ಕೊಡಬೇಕಾಗಿರು" ಎಂಬುದು ಮೂಲಾರ್ಥ. ಡೆಟ್, ಡೆಟರ್, ಡ್ಯೂ, ಡ್ಯೂಟಿ ಎಲ್ಲ ಇದೇ ಮನೆಯವು. ಡ್ಯೂಟಿ ಎಂದರೆ ನಾವು ಸಲ್ಲಿಸಲೇಬೇಕಾದದ್ದು. ಅದು ಕರ್ತವ್ಯವೂ ಆಗಬಹುದು, ಸುಂಕವೂ ಆಗಬಹುದು.

ಆಡಿಟ್: ಮೂಲಾರ್ಥ "ಕೇಳು". ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಕೇಳಿ ಪರಿಶೀಲಿಸುತ್ತಿದ್ದರು. ಆಡಿಯೋ, ಆಡಿಯನ್ಸ್, ಆಡಿಟೋರಿಯಂ ಇದರ ಒಡಹುಟ್ಟಿದವು.

ಡಿಪ್ರಿಸಿಯೇಷನ್: ಒಳಗಿರುವ ಪದಕ್ಕೆ "ಬೆಲೆ" ಎಂದು ಅರ್ಥ, ಮುಂದಿನ "ಡಿ" ಕೆಳಗೆ ಇಳಿಯುವುದನ್ನು ಹೇಳುತ್ತದೆ. ಬೆಲೆ ಇಳಿಯುವುದು ಡಿಪ್ರಿಸಿಯೇಷನ್, ಏರುವುದು ಅಪ್ರಿಸಿಯೇಷನ್. ಪ್ರೈಸ್, ಪ್ರೆಷಸ್ ಕೂಡ ಅದೇ ಬೇರಿನವು. ಗುರುಗಳು ನಮ್ಮನ್ನು ಅಪ್ರಿಶಿಯೇಟ್ ಮಾಡಿದರು ಎಂದರೆ ನಮ್ಮ ಬೆಲೆ ಏರಿಸಿದರು ಎಂದೇ ಅರ್ಥ.

ಬ್ಯಾಂಕ್: ಇಟಲಿಯ ಹಣದ ವ್ಯಾಪಾರಿಗಳು ಕೂರುತ್ತಿದ್ದ ಬೆಂಚಿನಿಂದ ಬಂದ ಪದ. ಬ್ಯಾಂಕ್‌ರಪ್ಟ್ ಎಂದರೆ ಬೆಂಚು ಮುರಿದವನು, ಅಂದರೆ ದಿವಾಳಿಯಾದವನು.

ಕಂಪನಿ: "ಜೊತೆ" ಮತ್ತು "ರೊಟ್ಟಿ" ಎಂಬ ಎರಡು ಪದ ಸೇರಿ ಆದದ್ದು. ಒಟ್ಟಿಗೆ ರೊಟ್ಟಿ ತಿನ್ನುವವರು ಕಂಪ್ಯಾನಿಯನ್, ಅಂಥವರ ಗುಂಪು ಕಂಪನಿ.

3. ನಮ್ಮ ಮನೆಯ ಮಾತೇ ಗೂಟ

ಹೊಸ ಪದವನ್ನು ಒಂಟಿಯಾಗಿ ಬಿಟ್ಟರೆ ಅದು ಓಡಿಹೋಗುತ್ತದೆ. ಗೊತ್ತಿರುವ ಪದವೆಂಬ ಗೂಟಕ್ಕೆ ಕಟ್ಟಿದರೆ ನಿಲ್ಲುತ್ತದೆ. ಈ ವಿಷಯದಲ್ಲಿ ನಮ್ಮ ಭಾಗದ ಮಕ್ಕಳಿಗೆ ಒಂದು ಅನುಕೂಲವಿದೆ. ಕನ್ನಡದ ವ್ಯಾಪಾರದ ಪದಗಳಲ್ಲಿ ಬಹಳಷ್ಟು ಪಾರಸಿ, ಅರಬಿಯಿಂದ ಬಂದವು. ಹೀಗಾಗಿ ಕನ್ನಡ ಮನೆಯವರಿಗೂ ಉರ್ದು ಮನೆಯವರಿಗೂ ಅವು ಒಂದೇ. ಈ ಪಟ್ಟಿ ನೋಡಿ:

ನಗದು – ಕ್ಯಾಶ್
ಅಸಲು – ಪ್ರಿನ್ಸಿಪಲ್
ಬಾಕಿ – ಬ್ಯಾಲೆನ್ಸ್, ಅರಿಯರ್ಸ್
ವಸೂಲಿ – ರಿಕವರಿ
ರಸೀದಿ – ರಿಸೀಟ್
ಕರಾರು – ಅಗ್ರಿಮೆಂಟ್
ಷರತ್ತು – ಕಂಡಿಷನ್
ದಲಾಲಿ – ಬ್ರೋಕರೇಜ್
ಜಾಮೀನು – ಶ್ಯೂರಿಟಿ, ಗ್ಯಾರಂಟಿ
ಜಪ್ತಿ – ಅಟ್ಯಾಚ್‌ಮೆಂಟ್
ಹರಾಜು – ಆಕ್ಷನ್

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದ ಯಾವ ರೈತನಿಗೂ ಇವುಗಳಲ್ಲಿ ಹೊಸದು ಯಾವುದೂ ಇಲ್ಲ. ವ್ಯವಹಾರದ ತಿಳಿವಳಿಕೆ ಮನೆಯಲ್ಲಿ ಮೊದಲೇ ಇದೆ. ಅದಕ್ಕೆ ಇಂಗ್ಲಿಷಿನ ಹೆಸರೊಂದು ಸೇರಬೇಕು, ಅಷ್ಟೆ.

ಇದು ಅಂಕಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ನಮ್ಮ ಅಮ್ಮಿ ಮತ್ತು ಓಣಿಯ ಕೆಲವು ಹೆಂಗಸರು ಗುಂಪಿನಲ್ಲಿ ಸಾಲ ತೆಗೆದಾಗ ಬಂದ ಕಾಗದದಲ್ಲಿ "ಗ್ಯಾರಂಟರ್", "ಡಿಫಾಲ್ಟ್", "ಪ್ರೀಪೇಮೆಂಟ್" ಎಂಬ ಪದಗಳಿದ್ದವು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿನಿಂದ ತೋರಿಸಿದರು, ಪದ ಯಾರೂ ಬಿಡಿಸಿ ಹೇಳಲಿಲ್ಲ. "ಗ್ಯಾರಂಟರ್ ಅಂದರೆ ಜಾಮೀನ್‌ದಾರ್" ಎಂದು ಹೇಳಿದಾಗ ಅಮ್ಮಿ ಥಟ್ಟನೆ "ಹಾಗಾದರೆ ಪಕ್ಕದ ಮನೆಯವರು ಕಟ್ಟದಿದ್ದರೆ ನಾನು ಕಟ್ಟಬೇಕೇನು?" ಎಂದು ಕೇಳಿದರು. ಸರಿಯಾದ ಪ್ರಶ್ನೆ! ಒಂದು ಪದ ಅರ್ಥವಾದ ಕೂಡಲೇ ಸರಿಯಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ರಿಸರ್ವ್ ಬ್ಯಾಂಕಿನ ಕಿರುಸಾಲ ನಿರ್ದೇಶನಗಳಂತೆ ಸಾಲದ ಕಾರ್ಡಿನ ಬರಹ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಇರಬೇಕು. ಈ ನಿಯಮವನ್ನೂ ಮನೆಯಲ್ಲಿ ತಿಳಿಸಿಡಿ. ಕಾಮರ್ಸ್ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಅಂಥ ಕಾಗದವನ್ನು ಓದಿ ಹೇಳುವ ಜವಾಬ್ದಾರಿ ನಮ್ಮದೇ.

ಇನ್ನೊಂದು ಸಂತೋಷದ ಸಂಗತಿ. ಇಂಗ್ಲಿಷೇ ನಮ್ಮ ಕಡೆಯಿಂದ ಪದಗಳನ್ನು ಉದ್ರಿ ಒಯ್ದಿದೆ, ಇನ್ನೂ ತಿರುಗಿಸಿಲ್ಲ! ಉರ್ದುವಿನಲ್ಲಿ ಸೊನ್ನೆಗೆ ಸಿಫರ್ ಎನ್ನುತ್ತೇವೆ. ಭಾರತದ "ಶೂನ್ಯ"ವನ್ನು ಅರಬರು ಸಿಫರ್ ಎಂದು ತಮ್ಮ ಭಾಷೆಗೆ ತಂದರು, ಅದರಿಂದ ಇಂಗ್ಲಿಷಿನ ಸೈಫರ್ ಮತ್ತು ಝೀರೋ ಎರಡೂ ಬಂದವು. ತಾರೀಫ್ ಎಂದರೆ ನಮ್ಮಲ್ಲಿ ಹೊಗಳಿಕೆ, ಅರಬಿಯಲ್ಲಿ "ತಿಳಿಯಪಡಿಸುವುದು". ದರವನ್ನು ತಿಳಿಯಪಡಿಸುವ ಪಟ್ಟಿ ಟ್ಯಾರಿಫ್ ಆಯಿತು. ಖಜಾನೆಯ ಬೇರಿನಿಂದಲೇ, ಉಗ್ರಾಣ ಎಂಬ ಅರ್ಥದಲ್ಲಿ, ಮ್ಯಾಗಜೀನ್ ಹುಟ್ಟಿತು. ಕಾಟನ್ ಅರಬಿಯ ಕುತ್ನ್. ಚದುರಂಗದ "ಶಾಹ್"ನಿಂದ ಚೆಕ್. ಲೆಕ್ಕದ ಆಲ್ಜೀಬ್ರಾ ಅಲ್-ಜಬ್ರ್, ಕಂಪ್ಯೂಟರಿನ ಅಲ್ಗಾರಿದಮ್ ಗಣಿತಜ್ಞ ಅಲ್-ಖ್ವಾರಿಜ್ಮಿಯವರ ಹೆಸರು. ಅಡಿಕೆಗೆ ಇಂಗ್ಲಿಷಿನಲ್ಲಿ ಅರೇಕಾ ಎನ್ನುತ್ತಾರೆ. ಅದು ನಮ್ಮ ಅಡಿಕೆಗೆ ಹತ್ತಿರವಾದ ಮಲಯಾಳದ ಪದ, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು.

4. ಕೊಡುವವನು ಯಾರು, ಪಡೆಯುವವನು ಯಾರು?

ಕಾಮರ್ಸಿನಲ್ಲಿ ಜೋಡಿಪದಗಳ ತೊಂದರೆ ಹೆಚ್ಚು. ಒಂದು ಸಣ್ಣ ಸೂತ್ರ ನೆನಪಿಟ್ಟರೆ ಸಾಕು. ಪದದ ಕೊನೆಯಲ್ಲಿ "ಅರ್" ಬಂದರೆ ಕೆಲಸ ಮಾಡುವವನು, "ಈ" ಬಂದರೆ ಆ ಕೆಲಸವನ್ನು ಪಡೆಯುವವನು.

ಎಂಪ್ಲಾಯರ್ – ಕೆಲಸ ಕೊಡುವವನು; ಎಂಪ್ಲಾಯೀ – ಕೆಲಸ ಪಡೆದವನು
ಡ್ರಾಯರ್ – ಬಿಲ್ ಬರೆಯುವವನು. ಡ್ರಾಯೀ – ಯಾರ ಮೇಲೆ ಬರೆಯಲಾಗಿದೆಯೋ ಅವನು. ಪೇಯೀ – ಹಣ ಪಡೆಯುವವನು
ಕನ್ಸೈನರ್ – ಸರಕು ಕಳಿಸುವವನು. ಕನ್ಸೈನೀ – ಸರಕು ಪಡೆಯುವವನು

ಮಾರ್ಟ್‌ಗೇಜರ್ ಎಂಬ ಪದದಲ್ಲಿ ಮಾತ್ರ ಎಚ್ಚರ ಬೇಕು. ಸಾಲ ಕೊಡುವ ಬ್ಯಾಂಕೇ ಮಾರ್ಟ್‌ಗೇಜರ್ ಎಂದು ಅನ್ನಿಸಬಹುದು. ಆದರೆ ಅಡಮಾನವನ್ನು ಕೊಡುವವನು ಸಾಲ ತೆಗೆದುಕೊಳ್ಳುವವನು, ಆದ್ದರಿಂದ ಅವನೇ ಮಾರ್ಟ್‌ಗೇಜರ್. ಬ್ಯಾಂಕು ಅಡಮಾನ ಪಡೆಯುತ್ತದೆ, ಅದು ಮಾರ್ಟ್‌ಗೇಜೀ. ಸೂತ್ರ ತಪ್ಪಿಲ್ಲ, ಏನು ಕೊಡುತ್ತಿದ್ದಾರೆ ಎಂಬುದನ್ನು ನೋಡಬೇಕು.

ಕನ್ನಡದಲ್ಲೂ ಇಂಥ ಗೊಂದಲವಿದೆ. "ಅವನು ದೊಡ್ಡ ಸಾಲಗಾರ" ಎಂದರೆ ಸಾಲ ಮಾಡಿದವನು. "ಸಾಲಗಾರರು ಮನೆ ಬಾಗಿಲಿಗೆ ಬಂದರು" ಎಂದರೆ ಸಾಲ ಕೊಟ್ಟವರು! ಒಂದೇ ಪದಕ್ಕೆ ಎರಡೂ ಅರ್ಥ. ಅದಕ್ಕೇ ಡೆಟರ್ ಮತ್ತು ಕ್ರೆಡಿಟರ್ ಅನ್ನು "ಸಾಲಗಾರ" ಎಂದು ಅನುವಾದಿಸಿ ನೆನಪಿಟ್ಟುಕೊಂಡವರು ಬ್ಯಾಲೆನ್ಸ್ ಶೀಟಿನಲ್ಲಿ ಎರಡನ್ನೂ ಅದಲುಬದಲು ಮಾಡುತ್ತಾರೆ. ಋಣಿ ಮತ್ತು ಧನಿ ಎಂದು ಬರೆದುಕೊಂಡರೆ ಗೊಂದಲವಿಲ್ಲ.

5. ಪ್ರಶ್ನೆಯ ಕ್ರಿಯಾಪದ

ಪ್ರಶ್ನೆಪತ್ರಿಕೆಯಲ್ಲಿ ಅತಿ ಮುಖ್ಯವಾದ ಪದ ಸಾಮಾನ್ಯವಾಗಿ ಮೊದಲನೆಯದು. ಅದನ್ನು ಸರಿಯಾಗಿ ಓದದೆ ಪುಟಗಟ್ಟಲೆ ಬರೆದರೂ ಅಂಕ ಬರುವುದಿಲ್ಲ.

ಸ್ಟೇಟ್ ಎಂದರೆ ಹೇಳಿ ಬಿಡಿ, ವಿವರಣೆ ಬೇಡ.
ಡಿಫೈನ್ ಎಂದರೆ ವ್ಯಾಖ್ಯೆ ಕೊಡಿ.
ಎಕ್ಸ್‌ಪ್ಲೇನ್ ಎಂದರೆ ಹೇಗೆ, ಏಕೆ ಎಂಬುದನ್ನು ಬಿಡಿಸಿ ಹೇಳಿ.
ಡಿಸ್ಟಿಂಗ್ವಿಶ್ ಎಂದರೆ ಎರಡರ ನಡುವಿನ ವ್ಯತ್ಯಾಸ ಎದುರುಬದುರಾಗಿ ಬರೆಯಿರಿ. ಎರಡರ ಅರ್ಥವನ್ನು ಬೇರೆ ಬೇರೆ ಬರೆದರೆ ಸಾಲದು.
ಇಲಸ್ಟ್ರೇಟ್ ಎಂದರೆ ಉದಾಹರಣೆ ಕೊಟ್ಟು ತೋರಿಸಿ.
ಜಸ್ಟಿಫೈ ಎಂದರೆ ಕಾರಣ ಕೊಟ್ಟು ಸಮರ್ಥಿಸಿ.

ದಿನಬಳಕೆಯ ಪದಗಳು ಕಾಮರ್ಸಿನಲ್ಲಿ ವೇಷ ಬದಲಿಸುವುದನ್ನೂ ಗಮನಿಸಿ. ಇಂಟರೆಸ್ಟ್ ಆಸಕ್ತಿಯೂ ಹೌದು, ಬಡ್ಡಿಯೂ ಹೌದು. ಪ್ರಿನ್ಸಿಪಲ್ ಎಂದರೆ ಕಾಲೇಜಿನ ಪ್ರಾಂಶುಪಾಲರು, ಸಾಲದಲ್ಲಿ ಅಸಲು, ಏಜೆನ್ಸಿಯಲ್ಲಿ ಏಜೆಂಟನನ್ನು ನೇಮಿಸಿದ ಮಾಲೀಕ. ಮೂರರಲ್ಲೂ "ಮೊದಲನೆಯದು, ಮುಖ್ಯವಾದದ್ದು" ಎಂಬ ಭಾವವಿದೆ. ಇದೇ ಉಚ್ಚಾರದ ಇನ್ನೊಂದು ಪದ "ತತ್ವ" ಎಂಬ ಅರ್ಥದ್ದು, ಅದರ ಸ್ಪೆಲ್ಲಿಂಗ್ ಬೇರೆ. ಎರಡನ್ನೂ ಇಂದೇ ನಿಘಂಟಿನಲ್ಲಿ ನೋಡಿ.

6. ಮರೆಯದಿರುವುದು ಹೇಗೆ?

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡದ್ದು. ಮರೆವಿಗೆ ಮದ್ದು ಪುನರಾವರ್ತನೆ. ಅದೂ ಒಂದೇ ರಾತ್ರಿ ಐವತ್ತು ಸಲ ಅಲ್ಲ, ದಿನಗಳ ಅಂತರ ಕೊಟ್ಟು.

ಈ ಪದ್ಧತಿಯನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ನಮ್ಮ ಓಣಿಗಳ ಮದರಸಾಗಳಲ್ಲಿ ಹಿಫ್ಜ್ ಮಾಡುವ ಹುಡುಗರ ದಿನಚರಿ ನೋಡಿ. ಇಂದಿನ ಹೊಸ ಪಾಠ ಸಬಕ್, ಕಳೆದ ಕೆಲವು ದಿನಗಳ ಪಾಠ ಸಬ್ಕಿ, ಹಳೆಯ ಭಾಗಗಳ ಸರದಿ ಮಂಜಿಲ್. ಮೂರನ್ನೂ ಉಸ್ತಾದರ ಮುಂದೆ ನೋಡದೆ ಒಪ್ಪಿಸಬೇಕು. ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದವರಿಗೂ ಇದು ಗೊತ್ತು. ಇಂಗ್ಲಿಷ್ ಪದಗಳಿಗೂ ಇದೇ ಕ್ರಮ ಸಾಕು:

ಅ) ಹೊಸದು: ದಿನಕ್ಕೆ ಮೂರು ಪದಕುಟುಂಬ. ಅಂದು ಓದಿದ ಪಾಠದಿಂದಲೇ ಆರಿಸಿ.
ಆ) ಹತ್ತಿರದ್ದು: ಕಳೆದ ಏಳು ದಿನಗಳ ಪದಗಳು. ಅರ್ಥವನ್ನು ಕೈಯಿಂದ ಮುಚ್ಚಿ ಹೇಳಿ ನೋಡಿ.
ಇ) ಹಳೆಯದು: ಪ್ರತಿ ಭಾನುವಾರ ಹಿಂದಿನ ತಿಂಗಳ ಒಂದು ಪುಟ.

ನೋಟ್‌ಬುಕ್ಕಿನಲ್ಲಿ ಪದದ ಎದುರು ನಾಲ್ಕು ಕಲಮುಗಳಿರಲಿ: ಕನ್ನಡ ಅಥವಾ ಉರ್ದು ಅರ್ಥ, ಪದದ ಬೇರು ಮತ್ತು ಅದರ ಬಳಗ, ಜೊತೆಯಲ್ಲಿ ಬರುವ ಪದ, ನೀವೇ ಮಾಡಿದ ಒಂದು ವಾಕ್ಯ. ಮೂರನೆಯ ಕಲಮನ್ನು ಬಿಡಬೇಡಿ. ಕನ್ನಡದಲ್ಲಿ ಲಾಭ ಮಾಡುತ್ತೇವೆ, ವ್ಯಾಪಾರವನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಲಾಭಕ್ಕೆ "ಮೇಕ್", ವ್ಯಾಪಾರಕ್ಕೆ "ಡು". ಪದವನ್ನು ಅದರ ಜೊತೆಗಾರನ ಸಮೇತ ಕಲಿತರೆ ಮಾತ್ರ ವಾಕ್ಯ ಸರಿಯಾಗುತ್ತದೆ.

ಒಂದು ಕಿವಿಮಾತು. ದೊಡ್ಡ ಪದ ಕಲಿತ ಉತ್ಸಾಹದಲ್ಲಿ ಉತ್ತರದ ತುಂಬ ಅದನ್ನೇ ತುಂಬಬೇಡಿ. "ಬೈ" ಎಂದು ಬರೆಯುವಲ್ಲಿ "ಪರ್ಚೇಸ್" ಸರಿ, ಆದರೆ "ಪ್ರೊಕ್ಯೂರ್" ಎಂದು ಬರೆಯುವ ಮೊದಲು ಅದು ಅಲ್ಲಿ ಸಲ್ಲುತ್ತದೆಯೇ ಎಂದು ಯೋಚಿಸಿ. ಅಡುಗೆಗೆ ಉಪ್ಪು ಬೇಕು, ಉಪ್ಪೇ ಅಡುಗೆಯಾಗಬಾರದು.

7. ಮನೆಮಾತು ಅಡ್ಡಿಯೇ?

"ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ನಮಗೆಲ್ಲಿಂದ ಇಂಗ್ಲಿಷ್ ಬರಬೇಕು?" ಎನ್ನುವವರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ. ಆಗ ಅದು ನವಾಬರ ಸಂಸ್ಥಾನ. ಸವಣೂರಿನ ಮಜೀದ್ ಹೈಸ್ಕೂಲಿನಲ್ಲಿ, ಆಮೇಲೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಅವರು ಆಕ್ಸ್‌ಫರ್ಡ್‌ವರೆಗೆ ಹೋದರು, ಇಂಗ್ಲಿಷ್ ಪ್ರಾಧ್ಯಾಪಕರಾದರು. ದೇಶದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಅದೇ ಗೋಕಾಕರು ಕನ್ನಡದಲ್ಲಿ "ವಿನಾಯಕ" ಎಂಬ ಹೆಸರಿನಲ್ಲಿ ಕಾವ್ಯ ಬರೆದು 1990ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ನಿರ್ಧರಿಸಲು 1980ರಲ್ಲಿ ಸರ್ಕಾರ ರಚಿಸಿದ ಸಮಿತಿಯ ಅಧ್ಯಕ್ಷರೂ ಅವರೇ. ಒಂದು ಭಾಷೆ ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಹಾಗೆಯೇ ನಿಘಂಟನ್ನು ಬಳಸಲು ನಾಚಿಕೆ ಬೇಡ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡದಲ್ಲೂ ಇದ್ದು ನಮ್ಮ ಮಾತನ್ನು ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಅಚ್ಚು ಮಾಡಿಸಿದರು. ಅದರಲ್ಲಿ ಸುಮಾರು 70,000 ಪದಗಳಿವೆ. ಕಡಲಾಚೆಯಿಂದ ಬಂದವರು ನಮ್ಮ ಭಾಷೆಯ ಅಷ್ಟು ಪದಗಳನ್ನು ಕೂಡಿಸಬಹುದಾದರೆ, ನಾವು ಅವರ ಕಡೆಯ ಭಾಷೆಯ 570 ಕುಟುಂಬಗಳನ್ನು ಕಲಿಯಲಾರೆವೇ?

ಅಭ್ಯಾಸ

ಉತ್ತರ ನೋಡುವ ಮೊದಲು ಬರೆದು ನೋಡಿ.

1. "ಆಡಿಟ್" ಕುಟುಂಬದಲ್ಲಿ "ಕಿವಿಗೆ ಕೇಳಿಸುವಂಥ" ಎಂಬ ಅರ್ಥದ ಪದ ಯಾವುದು?
2. ಲೆಸ್ಸರ್, ಲೆಸ್ಸೀ ಇವರಲ್ಲಿ ಬಾಡಿಗೆ ಕಟ್ಟುವವರು ಯಾರು?
3. ಕ್ಯಾಪಿಟಲ್ ಪದದ ಬೇರಿಗೆ "ತಲೆ" ಎಂದು ಅರ್ಥ. "ಪರ್ ಕ್ಯಾಪಿಟಾ ಇನ್‌ಕಂ" ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ?
4. ಸಾಲ್ವ್, ಸೊಲ್ಯೂಷನ್, ಇನ್‌ಸಾಲ್ವೆಂಟ್ ಇವುಗಳ ಬೇರಿಗೆ "ಬಿಡಿಸು, ಸಡಿಲಿಸು" ಎಂದು ಅರ್ಥ. ಹಾಗಾದರೆ ಇನ್‌ಸಾಲ್ವೆಂಟ್ ಯಾರು?
5. ಆಕ್ಷನ್ (ಹರಾಜು) ಪದದ ಬೇರಿಗೆ "ಹೆಚ್ಚಿಸು" ಎಂಬ ಅರ್ಥ ಏಕೆ ಸರಿಹೊಂದುತ್ತದೆ?

ಉತ್ತರಗಳು: 1. ಆಡಿಬಲ್. 2. ಲೆಸ್ಸೀ. 3. ತಲಾ ಆದಾಯ, ಕನ್ನಡದಲ್ಲೂ ತಲೆಯೇ ಇದೆ. 4. ಸಾಲದ ಗಂಟನ್ನು ಬಿಡಿಸಿಕೊಳ್ಳಲಾಗದವನು, ದಿವಾಳಿ. 5. ಒಬ್ಬರ ಮೇಲೊಬ್ಬರು ಕೂಗಿ ಬೆಲೆ ಹೆಚ್ಚಿಸುತ್ತಾ ಹೋಗುವುದರಿಂದ.

ಐದಕ್ಕೆ ಐದೂ ಸರಿಯಾದವರು ನಾಳೆಯ ಮೂರು ಪದಗಳನ್ನು ಇಂದೇ ಆರಿಸಿಕೊಳ್ಳಿ. ಉಳಿದವರು ಎರಡನೆಯ ಮತ್ತು ನಾಲ್ಕನೆಯ ಭಾಗವನ್ನು ಇನ್ನೊಮ್ಮೆ ಓದಿ, ನಾಳೆ ಬೆಳಿಗ್ಗೆ ಪಕ್ಕದಲ್ಲಿ ಕೂರುವ ಗೆಳೆಯನಿಗೋ ಗೆಳತಿಗೋ ಹೇಳಿಕೊಡಿ. ಹೇಳಿಕೊಟ್ಟದ್ದು ಬೇಗ ಮರೆಯುವುದಿಲ್ಲ.